ವಾಗ್ಮಿತಾಶಾಸ್ತ್ರ: ಸಹೃದಯನಲ್ಲದ ಕೇಳುಗನ ಮುಂದೆ

ಕಳೆದ ವರ್ಷ ಮಳೆಗಾಲ ಹಿಡಿಯುವುದಕ್ಕೆ ಮುಂಚೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ತಂದೆಯವರೊಡನೆ ಸಂಘದ ಕೊಠಡಿಗೆ ಬಂದಿದ್ದನು. ಪದವಿ ಪರೀಕ್ಷೆಯಲ್ಲಿ ಚೆನ್ನಾಗಿ ತೇರ್ಗಡೆಯಾದ ಹುಡುಗ. ಅಮೆರಿಕದ ಒಂದು ವಿಶ್ವವಿದ್ಯಾನಿಲಯದಲ್ಲಿ 'ರೆಟರಿಕ್ ಮತ್ತು ಮಾನವ ಸಂವಹನ' ಎಂಬ ವಿಷಯವನ್ನು ಎಂ.ಎ. ತರಗತಿಗೆ ಓದಲು ಅವನಿಗೆ ವಿದ್ಯಾರ್ಥಿವೇತನದೊಡನೆ ಅವಕಾಶ ದೊರೆತಿತ್ತು. ತಂದೆಯವರು ಅಡಕೆ ತೋಟ ನೋಡಿಕೊಂಡಿರುವ ಕೃಷಿಕರು. ಅವರು ಕೇಳಿದ ಪ್ರಶ್ನೆ ಒಂದೇ: “ಮಾಷ್ಟ್ರೇ, ಮಾತಾಡ್ಲಿಕ್ಕೆ ಕಲಿಯಲು ಅಷ್ಟು ದೂರ ಹೋಗ್ಬೇಕಾ? ಮೀನಿನ ಮರಿಗೆ ಈಜು ಕಲಿಸುವ ಕಾಲೇಜು ಉಂಟಾ?”

ನಾವು ನಾಲ್ವರು ಅಲ್ಲಿದ್ದೆವು. ನಾಲ್ಕು ಬಗೆಯ ಉತ್ತರ ಕೊಟ್ಟೆವು. ಅದು ನಮ್ಮ ಅಲಂಕಾರಶಾಸ್ತ್ರವೇ ಎಂದು ಒಬ್ಬರು. ಚರ್ಚಾಕೂಟದಲ್ಲಿ ಗೆಲ್ಲುವ ವಿದ್ಯೆ ಎಂದು ಇನ್ನೊಬ್ಬರು. ಪತ್ರಿಕೋದ್ಯಮದ ದೊಡ್ಡ ಹೆಸರು ಎಂದು ಮೂರನೆಯವರು. ನಾಲ್ಕನೆಯವರು, ಏನಾದರೂ ಆಗಲಿ, ಕೆಲಸ ಸಿಗುವುದೇ ಎಂಬುದನ್ನು ಮೊದಲು ನೋಡಬೇಕೆಂದರು. ತಂದೆಯವರು ಚಹಾ ಕುಡಿದು ಲೋಟವನ್ನು ಕೆಳಗಿಟ್ಟು, “ಮಾಷ್ಟ್ರುಗಳಿಗೇ ಒಮ್ಮತ ಇಲ್ಲ” ಎಂದು ನಕ್ಕು ಎದ್ದರು. ನಾಚಿಕೆಯಾಯಿತು ಎಂದು ಒಪ್ಪಿಕೊಳ್ಳುತ್ತೇವೆ. ಆಮೇಲೆ ಕೆಲವು ತಿಂಗಳು ಕೈಗೆ ಸಿಕ್ಕಿದ ಗ್ರಂಥಗಳನ್ನು ಓದಿ, ತಮ್ಮೊಳಗೆ ಚರ್ಚಿಸಿ ತಿಳಿದುಕೊಂಡದ್ದನ್ನು ಈ ಸಂಚಿಕೆಯ ವಾಚಕರ ಮುಂದೆ ಇಡುತ್ತಿದ್ದೇವೆ. ಅಂದು ಕೊಡಬೇಕಾಗಿದ್ದ ಉತ್ತರ ಇದು.

ಮೊದಲು ಹೆಸರಿನ ತೊಡಕನ್ನು ಬಿಡಿಸಬೇಕು. ನಿಘಂಟಿನಲ್ಲಿ 'ರೆಟರಿಕ್' ಎಂಬುದಕ್ಕೆ 'ಅಲಂಕಾರಶಾಸ್ತ್ರ' ಎಂಬ ಅರ್ಥವನ್ನು ನಾವೆಲ್ಲರೂ ಕಂಡಿದ್ದೇವೆ. ಇಂಗ್ಲಿಷ್ ವ್ಯಾಕರಣ ಪುಸ್ತಕಗಳಲ್ಲಿ ಉಪಮೆ, ರೂಪಕ, ಉತ್ಪ್ರೇಕ್ಷೆಗಳ ಪಟ್ಟಿಯನ್ನು ಓದಿ ಉರುಹೊಡೆದವರಿಗೆ ಈ ಅರ್ಥ ಸಹಜವಾಗಿಯೇ ತೋರುತ್ತದೆ. ಆದರೆ ನಮ್ಮ ಅಲಂಕಾರಶಾಸ್ತ್ರವು ಕಾವ್ಯದ ಶಾಸ್ತ್ರ. ಭಾಮಹ, ದಂಡಿಗಳಿಂದ ಹಿಡಿದು ಕನ್ನಡದ ಕವಿರಾಜಮಾರ್ಗದವರೆಗೆ, ಅಲ್ಲಿಂದ ಎರಡನೆಯ ನಾಗವರ್ಮನ ಕಾವ್ಯಾವಲೋಕನದವರೆಗೆ ಅದರ ದೃಷ್ಟಿಯೆಲ್ಲ ಕಾವ್ಯದ ಮೇಲೆ. ಆ ಕಾವ್ಯವನ್ನು ಸವಿಯತಕ್ಕವನು ಸಹೃದಯ. ಅವನ ಹೃದಯವು ಕವಿಯ ಹೃದಯಕ್ಕೆ ಸಮಾನವಾಗಿ ಮಿಡಿಯಲು ಆಗಲೇ ಸಿದ್ಧವಾಗಿರುತ್ತದೆ. ಗ್ರೀಕರ ರೆಟರಿಕ್ ಹುಟ್ಟಿದ್ದು ಸಹೃದಯನ ಮುಂದೆ ಅಲ್ಲ. ನ್ಯಾಯಸ್ಥಾನದಲ್ಲಿ ಕುಳಿತು ಆಕಳಿಸುತ್ತಿರುವವನ ಮುಂದೆ, ಸಭೆಯಲ್ಲಿ ಎದುರು ಪಕ್ಷಕ್ಕೆ ಕೈಯೆತ್ತಲು ನಿಶ್ಚಯಿಸಿಕೊಂಡು ಬಂದವನ ಮುಂದೆ, ನಮ್ಮ ಊರು ಯಾವುದು, ನಮ್ಮ ಕಷ್ಟವೇನು ಎಂಬುದೇ ಗೊತ್ತಿಲ್ಲದವನ ಮುಂದೆ. ಅಂತಹವನೊಡನೆ ಮಾತಾಡುವುದು ಹೇಗೆ, ಹಾಗೆ ಆಡಿದ ಮಾತು ಅವನ ಮೇಲೆ ಏನು ಮಾಡುತ್ತದೆ, ಮಾಡಿದ್ದು ನ್ಯಾಯವೇ ಎಂದು ವಿಚಾರಿಸುವ ಶಾಸ್ತ್ರ ಅದು. 'ವಾಗ್ಮಿತಾಶಾಸ್ತ್ರ' ಎಂದು ನಾವು ಕರೆಯೋಣ.

ಪರಂಪರೆಯ ಹೇಳಿಕೆಯಂತೆ ಇದರ ತವರು ಸಿಸಿಲಿ ದ್ವೀಪದ ಸಿರಾಕ್ಯೂಸ್ ಪಟ್ಟಣ. ಕ್ರಿ.ಪೂ. 5ನೆಯ ಶತಮಾನದಲ್ಲಿ ಅಲ್ಲಿಯ ಸರ್ವಾಧಿಕಾರಿಗಳ ಆಳ್ವಿಕೆ ಕುಸಿಯಿತು. ಕಸಿದುಕೊಂಡಿದ್ದ ಭೂಮಿಯನ್ನು ಹಿಂದಕ್ಕೆ ಪಡೆಯಲು ಜನರು ನ್ಯಾಯಸ್ಥಾನಗಳಿಗೆ ಮುಗಿಬಿದ್ದರು. ವಕೀಲರಿಲ್ಲ, ತನ್ನ ಮೊಕದ್ದಮೆಯನ್ನು ತಾನೇ ವಾದಿಸಬೇಕು. ಆಗ ಕೋರಾಕ್ಸ್ ಮತ್ತು ಟಿಸಿಯಾಸ್ ಎಂಬವರು ಮಾತಿನ ಕ್ರಮವನ್ನು ಕಲಿಸಿದರಂತೆ. ಜಮೀನಿನ ತಗಾದೆಯಿಂದ ಒಂದು ಶಾಸ್ತ್ರ ಹುಟ್ಟಿತೆಂಬುದು ನಮ್ಮ ಕಡೆಯವರಿಗೆ ಆಶ್ಚರ್ಯವಾಗಲಾರದು. ಅಥೆನ್ಸಿನಲ್ಲಿ ಇದರ ಹೆಸರಾಂತ ಶಾಲೆಯನ್ನು ನಡೆಸಿದವನು ಐಸಾಕ್ರಟೀಸ್. ಅವನ ಧ್ವನಿ ಕ್ಷೀಣವಾಗಿದ್ದುದರಿಂದ ಸಭೆಯಲ್ಲಿ ನಿಂತು ಮಾತಾಡಲು ಅವನು ಹಿಂಜರಿಯುತ್ತಿದ್ದನು. ಬರೆದು ಕೊಟ್ಟನು, ಕಲಿಸಿದನು. ಅಧ್ಯಾಪಕ ವೃತ್ತಿಯ ನಮಗೆ ಇದು ಸಮಾಧಾನ ಕೊಡುವ ಸಂಗತಿ.

ಪ್ಲೇಟೋ ಇದನ್ನು ಮೆಚ್ಚಲಿಲ್ಲ. ವೈದ್ಯನು ದೇಹಕ್ಕೆ ಹಿತವಾದುದನ್ನು ಕೊಡುತ್ತಾನೆ, ಅಡುಗೆಯವನು ನಾಲಗೆಗೆ ರುಚಿಯಾದುದನ್ನು ಕೊಡುತ್ತಾನೆ. ವಾಗ್ಮಿಯು ಅಡುಗೆಯವನ ಜಾತಿಗೆ ಸೇರಿದವನು ಎಂಬುದು 'ಗಾರ್ಜಿಯಾಸ್' ಸಂವಾದದಲ್ಲಿ ಅವನು ತಂದ ಆಕ್ಷೇಪ. ಚುನಾವಣೆಯ ಕಾಲದಲ್ಲಿ ಧ್ವನಿವರ್ಧಕದ ಕೆಳಗೆ ನಿಂತವರಿಗೆಲ್ಲ ಈ ಆಕ್ಷೇಪ ನಿಜವೆನಿಸಿಯೇ ಇರುತ್ತದೆ. ಅವನ ಶಿಷ್ಯ ಅರಿಸ್ಟಾಟಲನು ಇದಕ್ಕೆ ಉತ್ತರವೆಂಬಂತೆ ಒಂದು ಗ್ರಂಥವನ್ನೇ ರಚಿಸಿದನು. ಕೇಳುಗನು ನಂಬುವುದು ಮೂರು ಕಾರಣಗಳಿಂದ: ಹೇಳುವವನ ಶೀಲದಿಂದ, ತನ್ನಲ್ಲಿ ಎದ್ದ ಭಾವದಿಂದ, ಮಾತಿನೊಳಗಿನ ಯುಕ್ತಿಯಿಂದ. ಇಂದಿಗೂ ವಿಶ್ವವಿದ್ಯಾನಿಲಯಗಳಲ್ಲಿ ಈ ವಿಷಯವನ್ನು ಓದತಕ್ಕವರಿಗೆ ಮೊದಲ ಪಾಠ ಇದೇ.

ಆದರೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಆ ಗ್ರಂಥದ ಇನ್ನೊಂದು ವಿಚಾರ. ನಮ್ಮ ನೈಯಾಯಿಕರು ತನಗಾಗಿ ಮಾಡುವ ಅನುಮಾನ ಬೇರೆ, ಇನ್ನೊಬ್ಬನಿಗೆ ತಿಳಿಸಲು ಮಾಡುವ ಅನುಮಾನ ಬೇರೆ ಎಂದು ವಿಂಗಡಿಸಿದರು. ಎರಡನೆಯದಕ್ಕೆ ಐದು ಅವಯವಗಳು ಬೇಕು: ಬೆಟ್ಟದಲ್ಲಿ ಬೆಂಕಿಯಿದೆ ಎಂಬ ಪ್ರತಿಜ್ಞೆ, ಹೊಗೆ ಕಾಣುವುದರಿಂದ ಎಂಬ ಹೇತು, ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿರುವಂತೆ ಎಂಬ ಉದಾಹರಣೆ, ಆಮೇಲೆ ಉಪನಯ, ನಿಗಮನ. ಇನ್ನೊಬ್ಬನಿಗೆ ಹೇಳುವಾಗ ಯಾವುದನ್ನೂ ಬಿಡಬಾರದು ಎಂಬುದು ಇಲ್ಲಿಯ ಎಚ್ಚರ. ಅರಿಸ್ಟಾಟಲನು ಇದಕ್ಕೆ ವಿರುದ್ಧವಾದ ತುದಿಯಿಂದ ಹೊರಟನು. ಸಭೆಯಲ್ಲಿ ಮಾತಾಡುವವನು ಎಲ್ಲ ಅವಯವಗಳನ್ನೂ ಹೇಳಬೇಕಾದುದಿಲ್ಲ. ಕೇಳುಗನ ಮನಸ್ಸಿನಲ್ಲಿ ಆಗಲೇ ಇರುವುದನ್ನು ಬಿಟ್ಟರೆ ಅವನೇ ಅದನ್ನು ತುಂಬಿಕೊಳ್ಳುತ್ತಾನೆ. ಒಬ್ಬನು ಒಲಿಂಪಿಕ್ ಕ್ರೀಡೆಯಲ್ಲಿ ಗೆದ್ದನೆಂದರೆ ಸಾಕು. ಅಲ್ಲಿಯ ಬಹುಮಾನ ಕಿರೀಟವೆಂಬುದನ್ನು ಸೇರಿಸಬೇಕಾಗಿಲ್ಲ, ಅದು ಎಲ್ಲರಿಗೂ ಗೊತ್ತು ಎಂಬುದು ಅವನು ಕೊಟ್ಟ ಉದಾಹರಣೆ. ತಾನೇ ತುಂಬಿಕೊಂಡ ಮಾತನ್ನು ಕೇಳುಗನು ತನ್ನದೆಂದೇ ಬಗೆಯುತ್ತಾನೆ; ಆದುದರಿಂದಲೇ ಇದಕ್ಕೆ ಅಷ್ಟು ಬಲ.

ನಮ್ಮ ಊರಿಗೆ ಇಳಿಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. “ಈ ಸಲ ತೋಟಕ್ಕೆ ಕೊಳೆರೋಗ” ಎಂದು ಒಬ್ಬ ಕೃಷಿಕನು ಹೇಳಿದರೆ ನೆರೆಯವನಿಗೆ ಎಲ್ಲವೂ ತಿಳಿಯಿತು: ಅಡಕೆ ಎಳೆಯದಿರುವಾಗಲೇ ಉದುರಿದೆ, ಕೈಯಲ್ಲಿ ದುಡ್ಡಿಲ್ಲ, ಸಾಲದ ಕಂತು ತಡವಾದೀತು, ಮಗಳ ಮದುವೆ ಮುಂದಕ್ಕೆ ಹೋದೀತು. ಅಡಕೆ ಮರವನ್ನೇ ನೋಡದವನಿಗೆ ಅದೇ ಮಾತು ಗಿಡದ ಕಾಯಿಲೆಯ ಸುದ್ದಿ ಮಾತ್ರ. ತನ್ನವರ ನಡುವೆಯೇ ಮಾತಾಡಿ ಅಭ್ಯಾಸವಾದವನು ಹೊರಗಿನವನ ಮುಂದೆ ನಿಂತಾಗ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬ ಲೆಕ್ಕವೇ ತಪ್ಪಿಹೋಗುತ್ತದೆ. ಗಡಿನಾಡಿನವರ ಮಾತು ಎಡವುವುದು ಬಹುಮಟ್ಟಿಗೆ ಇಲ್ಲಿಯೇ ಎಂದು ನಮಗೆ ತೋರುತ್ತದೆ. ಈ ಮಾತಿಗೆ ನಮ್ಮದೇ ಒಂದು ಸಾಕ್ಷ್ಯವಿದೆ, ಮುಂದೆ ಹೇಳುತ್ತೇವೆ.

ರೋಮಿನಲ್ಲಿ ಸಿಸಿರೋ, ಕ್ವಿಂಟಿಲಿಯನರ ಕೈಯಲ್ಲಿ ಬೆಳೆದು, ಮಧ್ಯಯುಗದ ವಿಶ್ವವಿದ್ಯಾನಿಲಯಗಳಲ್ಲಿ ವ್ಯಾಕರಣ, ತರ್ಕಗಳ ಜೊತೆಗೆ ಮೂರನೆಯದಾಗಿ ನಿಂತು ಈ ಶಾಸ್ತ್ರ ಸಾಗಿಬಂದ ದಾರಿಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ಹದಿನೆಂಟನೆಯ ಶತಮಾನದ ಸ್ಕಾಟ್ಲೆಂಡಿನಲ್ಲಿ ಮಾತ್ರ ಸ್ವಲ್ಪ ಹೊತ್ತು ನಿಲ್ಲಬೇಕು. ಅದೇಕೆಂದರೆ ಈ ವಿಷಯವು ಇಂಗ್ಲಿಷ್ ಭಾಷೆಯಲ್ಲಿ ವಿಶ್ವವಿದ್ಯಾನಿಲಯದ ಪಾಠವಾಗಿ ಬೇರೂರಿದ್ದು ಲಂಡನ್ನಿನಲ್ಲಿಯೂ ಅಲ್ಲ, ಆಕ್ಸ್‌ಫರ್ಡಿನಲ್ಲಿಯೂ ಅಲ್ಲ. ಗಡಿಯಾಚೆಯ ಎಡಿನ್‌ಬರೋ, ಗ್ಲಾಸ್ಗೋ ನಗರಗಳಲ್ಲಿ.

1707ರಲ್ಲಿ ಸ್ಕಾಟ್ಲೆಂಡ್ ಇಂಗ್ಲೆಂಡಿನೊಡನೆ ಒಂದಾಯಿತು. ಎಡಿನ್‌ಬರೋದಲ್ಲಿದ್ದ ಪಾರ್ಲಿಮೆಂಟು ಮುಚ್ಚಿತು. ಆಡಳಿತದ ಬಾಗಿಲು ಲಂಡನ್ನಿಗೆ ಸರಿಯಿತು. ಅಲ್ಲಿಗೆ ಹೋದ ಸ್ಕಾಟರ ಉಚ್ಚಾರಣೆಯನ್ನು, ನುಡಿಗಟ್ಟುಗಳನ್ನು ಕೇಳಿದವರು ನಗುತ್ತಿದ್ದರು. ದಾರ್ಶನಿಕ ಡೇವಿಡ್ ಹ್ಯೂಮನೇ 1752ರಲ್ಲಿ, ಇಂಗ್ಲಿಷ್ ಬರೆಯುವಾಗ ಬಿಡಬೇಕಾದ ಸ್ಕಾಟ್ ಪ್ರಯೋಗಗಳ ಪಟ್ಟಿಯೊಂದನ್ನು ಮುದ್ರಿಸಿದನು. 1761ರಲ್ಲಿ ಐರ್ಲೆಂಡಿನ ನಟ ಥಾಮಸ್ ಶೆರಿಡನ್ ಎಡಿನ್‌ಬರೋಗೆ ಬಂದು ಶುದ್ಧ ಇಂಗ್ಲಿಷ್ ಉಚ್ಚಾರಣೆಯ ಮೇಲೆ ಉಪನ್ಯಾಸ ಕೊಟ್ಟಾಗ ಊರಿನ ದೊಡ್ಡ ಮನುಷ್ಯರು ಗುಂಪುಗೂಡಿ ಹೋಗಿ ಕೇಳಿದರು. ಒಬ್ಬ ಐರಿಷ್ ನಟನು ಸ್ಕಾಟರಿಗೆ ಇಂಗ್ಲಿಷ್ ಕಲಿಸಿದನೆಂಬುದನ್ನು ಓದಿ ನಾವು ನಕ್ಕೆವು; ಆಮೇಲೆ ನಮ್ಮ ಮಕ್ಕಳು ಯಾರ ಹತ್ತಿರ ಏನೇನು ಕಲಿಯುತ್ತಿದ್ದಾರೆ ಎಂಬುದು ನೆನಪಾಗಿ ಸುಮ್ಮನಾದೆವು.

ಈ ಬೇಡಿಕೆಯ ನಡುವೆಯೇ ಆಡಮ್ ಸ್ಮಿತ್ ಎಂಬ ತರುಣನು 1748ರಲ್ಲಿ ಎಡಿನ್‌ಬರೋದಲ್ಲಿ ರೆಟರಿಕ್ಕಿನ ಮೇಲೆ ಸಾರ್ವಜನಿಕ ಉಪನ್ಯಾಸಗಳನ್ನು ಆರಂಭಿಸಿದನು. ಮುಂದೆ ಅರ್ಥಶಾಸ್ತ್ರದ ಜನಕನೆಂದು ಪ್ರಸಿದ್ಧನಾದ ಅದೇ ಸ್ಮಿತ್. ಗ್ಲಾಸ್ಗೋದಲ್ಲಿ ಪ್ರಾಧ್ಯಾಪಕನಾದ ಮೇಲೆಯೂ ಈ ಪಾಠವನ್ನು ಬಿಡಲಿಲ್ಲ. ಸಾಯುವ ಮುನ್ನ ತನ್ನ ಹಸ್ತಪ್ರತಿಗಳನ್ನು ಸುಡಿಸಿದುದರಿಂದ ಆ ಉಪನ್ಯಾಸಗಳು ನಷ್ಟವಾದುವೆಂದೇ ಎಲ್ಲರೂ ಎಣಿಸಿದ್ದರು. 1958ರಲ್ಲಿ ಒಬ್ಬ ವಿದ್ವಾಂಸನಿಗೆ, ಸ್ಮಿತ್ ಗ್ಲಾಸ್ಗೋದಲ್ಲಿ ಪಾಠ ಹೇಳಿದಾಗ ವಿದ್ಯಾರ್ಥಿಯೊಬ್ಬನು ಬರೆದುಕೊಂಡಿದ್ದ ಟಿಪ್ಪಣಿ ಹಳೆಯ ಪುಸ್ತಕಗಳ ಮಾರಾಟದಲ್ಲಿ ಸಿಕ್ಕಿತು, 1963ರಲ್ಲಿ ಅಚ್ಚಾಯಿತು. ಪಾಠದ ಟಿಪ್ಪಣಿ ಬರೆದುಕೊಳ್ಳಿರೆಂದು ಬೇಡಿಕೊಳ್ಳುವ ಅಧ್ಯಾಪಕರು ಈ ಕಥೆಯನ್ನು ತರಗತಿಯಲ್ಲಿ ಹೇಳಬಹುದು.

1762ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಇದಕ್ಕೆಂದೇ ರಾಜಪೀಠವೊಂದು ಸ್ಥಾಪಿತವಾಗಿ ಹ್ಯೂ ಬ್ಲೇರ್ ಎಂಬ ಪಾದ್ರಿಯು ಅದರ ಮೊದಲ ಪ್ರಾಧ್ಯಾಪಕನಾದನು. 1783ರಲ್ಲಿ ಅಚ್ಚಾದ ಅವನ ಉಪನ್ಯಾಸಗಳು ಅಮೆರಿಕದ ಕಾಲೇಜುಗಳಲ್ಲಿಯೂ ಪಠ್ಯವಾದುವು. ಗಡಿಯಲ್ಲಿದ್ದವರು, ಕೇಂದ್ರದವರ ಕಿವಿಗೆ ತಮ್ಮ ಮಾತು ಹೇಗೆ ಕೇಳಿಸುತ್ತದೆಂಬುದನ್ನು ದಿನವೂ ಯೋಚಿಸಬೇಕಾಗಿದ್ದವರು. ಮಾತಿನ ಶಾಸ್ತ್ರ ಅವರ ಕೈಗೇ ಬಂದದ್ದು ಆಕಸ್ಮಿಕವಲ್ಲ. ಆದರೆ ಅವರು ತೆತ್ತ ಬೆಲೆಯನ್ನೂ ನೋಡಬೇಕು. ಕೇಳುಗನ ಭಾಷೆಯನ್ನು ಕಲಿತರು, ಸರಿ. ಅದರ ಜೊತೆಗೆ ತಮ್ಮ ನುಡಿಯ ಬಗ್ಗೆ ನಾಚಿಕೊಳ್ಳಲೂ ಕಲಿತರು. ಅದೇ ಕಾಲದಲ್ಲಿ, 1786ರಲ್ಲಿ, ರಾಬರ್ಟ್ ಬರ್ನ್ಸ್ ಎಂಬ ರೈತನು ಆ ನಾಚಿಕೆಗೆಟ್ಟ ನುಡಿಯಲ್ಲಿಯೇ ಬಹುಮಟ್ಟಿಗೆ ಬರೆದ ಕವಿತೆಗಳನ್ನು ಕಿಲ್ಮಾರ್ನಾಕ್ ಎಂಬ ಸಣ್ಣ ಊರಿನಲ್ಲಿ ಅಚ್ಚುಹಾಕಿಸಿದನು. ಇಂದು ಬ್ಲೇರನನ್ನು ಓದುವವರು ವಿದ್ವಾಂಸರು ಮಾತ್ರ.

ಅಮೆರಿಕದ ಕಥೆ ಬೇರೆ. ಹಾರ್ವರ್ಡಿನಲ್ಲಿ ವ್ಯಾಪಾರಿಯೊಬ್ಬನ ದತ್ತಿಯಿಂದ ಹುಟ್ಟಿದ ಬಾಯ್ಲ್‌ಸ್ಟನ್ ಪೀಠಕ್ಕೆ 1806ರಲ್ಲಿ ಬಂದ ಮೊದಲ ಪ್ರಾಧ್ಯಾಪಕ ಜಾನ್ ಕ್ವಿನ್ಸಿ ಆಡಮ್ಸ್. ಆಗ ಸೆನೆಟಿನ ಸದಸ್ಯ, ಆಮೇಲೆ ದೇಶದ ಅಧ್ಯಕ್ಷ. ಈ ಪೀಠದಲ್ಲಿ ಕುಳಿತವನಿಗೆ ಕಾಲೇಜಿನ ಅಂಗಳದಲ್ಲಿ ಹಸು ಮೇಯಿಸುವ ಹಕ್ಕಿದೆಯೆಂಬ ಪ್ರತೀತಿಯೂ ಉಂಟು. ಕಾಲ ಕಳೆದಂತೆ ಭಾಷಣ ಹಿಂದೆ ಸರಿದು ಪ್ರಬಂಧ ಬರೆಸುವುದು ಮುಂದೆ ಬಂತು. ಪರೀಕ್ಷೆಗೆ ಬರಹ ಬೇಕು, ಧ್ವನಿ ಬೇಡ. ಕೊನೆಗೆ ಆ ಪೀಠ ಮ್ಯಾಕ್‌ಲೀಶ್, ಸೀಮಸ್ ಹೀನಿ ಮುಂತಾದ ಕವಿಗಳ ಪಾಲಾಯಿತು. ಗ್ರೀಕರು ಬೇರೆಯಾಗಿ ಇಟ್ಟಿದ್ದ ಕಾವ್ಯ ಮತ್ತು ವಾಗ್ಮಿತೆ ಹೀಗೆ ಒಂದೇ ಕುರ್ಚಿಯಲ್ಲಿ ಕುಳಿತವು.

ಇಂಗ್ಲಿಷ್ ವಿಭಾಗಗಳಲ್ಲಿ ಭಾಷಣದ ಅಧ್ಯಾಪಕರು ಮಲಮಕ್ಕಳಂತಾದರು. 1914ರ ನವೆಂಬರಿನಲ್ಲಿ ಶಿಕಾಗೋದಲ್ಲಿ ಇಂಗ್ಲಿಷ್ ಅಧ್ಯಾಪಕರ ಮಂಡಲಿಯ ಸಭೆ ಸೇರಿದ್ದಾಗ ಅವರಲ್ಲಿ 17 ಮಂದಿ ಹೊರಬಂದು ಬೇರೆ ಸಂಘ ಕಟ್ಟಿದರು. ಮರುವರ್ಷವೇ ತ್ರೈಮಾಸಿಕ ಪತ್ರಿಕೆ ಹೊರಟಿತು. ಹಲವು ಸಲ ಹೆಸರು ಬದಲಾಯಿಸಿಕೊಂಡು 1997ರಿಂದ ಅದು ರಾಷ್ಟ್ರೀಯ ಸಂವಹನ ಸಂಘವಾಗಿದೆ. ಇಂದು ಆ ದೇಶದಲ್ಲಿ ನಮ್ಮ ಹುಡುಗ ಓದಹೊರಟ ವಿಭಾಗಗಳು ಇರುವುದಕ್ಕೆ ಆ 17 ಮಂದಿಯೇ ಮುಖ್ಯ ಕಾರಣರು. ಕೋರಂ ಇಲ್ಲದೆ ಮುಂದೂಡಿದ ನಮ್ಮ ಮಹಾಸಭೆಗಳನ್ನು ನೆನೆದಾಗ ಈ ಸಂಖ್ಯೆ ಧೈರ್ಯ ಕೊಡುತ್ತದೆ.

ಅಲ್ಲಿ ಓದುವುದೇನು? 1920ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಅರಿಸ್ಟಾಟಲ್, ಸಿಸಿರೋ, ಕ್ವಿಂಟಿಲಿಯನರನ್ನು ಕೂಡಿ ಓದುವ ತರಗತಿ ಆರಂಭವಾಯಿತು. ಅದೇ ಬಳಗದ ಹರ್ಬರ್ಟ್ ವಿಚೆಲ್ನ್ಸ್ 1925ರಲ್ಲಿ ಬರೆದ ಪ್ರಬಂಧದಲ್ಲಿ ಭೇದವನ್ನು ಗೆರೆ ಎಳೆದು ತೋರಿಸಿದನು: ಸಾಹಿತ್ಯ ವಿಮರ್ಶಕನು ಕೃತಿಯ ಶಾಶ್ವತ ಸೌಂದರ್ಯವನ್ನು ಹುಡುಕುತ್ತಾನೆ, ಭಾಷಣದ ವಿಮರ್ಶಕನು ಆ ದಿನ ಆ ಜನರ ಮೇಲೆ ಅದು ಏನು ಮಾಡಿತೆಂಬುದನ್ನು ನೋಡುತ್ತಾನೆ. ಉದಾಹರಣೆಗೆ ಎಲ್ಲ ತರಗತಿಗಳಲ್ಲಿಯೂ ಬರುವ ಗೆಟ್ಟಿಸ್‌ಬರ್ಗಿನ ಪಾಠವನ್ನು ತೆಗೆದುಕೊಳ್ಳೋಣ. 1863ರ ನವೆಂಬರ್ 19ರಂದು, ಅಂತರ್ಯುದ್ಧದಲ್ಲಿ ಸತ್ತವರ ರುದ್ರಭೂಮಿಯಲ್ಲಿ ಎಡ್ವರ್ಡ್ ಎವೆರೆಟ್ ಎರಡು ಗಂಟೆ ಮಾತಾಡಿದನು; ಹಾರ್ವರ್ಡಿನಲ್ಲಿ ಗ್ರೀಕ್ ಪ್ರಾಧ್ಯಾಪಕನೂ ಅಧ್ಯಕ್ಷನೂ ಆಗಿದ್ದವನು, ಹೆಸರಾದ ವಾಗ್ಮಿ. ಆಮೇಲೆ ಲಿಂಕನ್ ಎದ್ದು ಸುಮಾರು 270 ಪದಗಳಲ್ಲಿ ಮುಗಿಸಿದನು. ಮೊದಲ ವಾಕ್ಯದಲ್ಲಿಯೇ 87 ವರ್ಷಗಳ ಹಿಂದೆ ಈ ರಾಷ್ಟ್ರ ಹುಟ್ಟಿತೆಂದನು. ವಿದ್ಯಾರ್ಥಿ ಇಲ್ಲಿ ಲೆಕ್ಕ ಹಾಕಬೇಕು: 1863ರಿಂದ 87 ಕಳೆದರೆ 1776. ಅದು ಎಲ್ಲ ಮನುಷ್ಯರೂ ಸಮಾನರೆಂದು ಸಾರಿದ ಸ್ವಾತಂತ್ರ್ಯ ಘೋಷಣೆಯ ವರ್ಷ. ಗುಲಾಮಗಿರಿಯನ್ನು ಸಹಿಸಿಕೊಂಡ ಸಂವಿಧಾನ ರಚನೆಯಾದದ್ದು 1787ರಲ್ಲಿ. ಗುಲಾಮಗಿರಿಯ ಹೆಸರನ್ನೇ ಎತ್ತದೆ, ದೇಶದ ಹುಟ್ಟುಹಬ್ಬವನ್ನು ಹೀಗೆ ಆರಿಸಿಕೊಂಡು, ಉಳಿದ ಅನುಮಾನವನ್ನು ಕೇಳುಗರಿಗೇ ಬಿಟ್ಟನು. ಅರಿಸ್ಟಾಟಲನ ಬಿಟ್ಟ ಅವಯವ ಇದೇ. ತಾನು ಎರಡು ಗಂಟೆಯಲ್ಲಿ ಮುಟ್ಟಲಾರದುದನ್ನು ಲಿಂಕನ್ ಎರಡು ನಿಮಿಷದಲ್ಲಿ ಮುಟ್ಟಿದನೆಂಬ ಅರ್ಥದ ಪತ್ರವನ್ನು ಎವೆರೆಟ್ ಮರುದಿನ ಬರೆದನು.

ವಿಷಯದ ಹೆಸರಿನ ಉತ್ತರಾರ್ಧವಾದ 'ಸಂವಹನ' ಆಮೇಲೆ ಬಂದು ಕೂಡಿಕೊಂಡದ್ದು. ಎರಡು ಮಹಾಯುದ್ಧಗಳ ಪ್ರಚಾರ, ರೇಡಿಯೋ ಇವುಗಳನ್ನು ಕಂಡವರು ಅಳೆಯಲು, ಎಣಿಸಲು ಹೊರಟರು. ಯಾರು, ಏನನ್ನು, ಯಾವ ಮಾರ್ಗದಿಂದ, ಯಾರಿಗೆ, ಯಾವ ಪರಿಣಾಮವಾಗುವಂತೆ ಹೇಳುತ್ತಾರೆ ಎಂಬ ಹೆರಾಲ್ಡ್ ಲಾಸ್‌ವೆಲ್ಲನ ಐದು ಪ್ರಶ್ನೆಗಳು 1948ರವು. ಅದೇ ವರ್ಷ ಟೆಲಿಫೋನ್ ಸಂಸ್ಥೆಯ ಗಣಿತಜ್ಞ ಕ್ಲಾಡ್ ಶ್ಯಾನನ್ ತಂತಿಯಲ್ಲಿ ಹರಿಯುವ ಸಂದೇಶದ ಗಣಿತವನ್ನು ಪ್ರಕಟಿಸಿದನು. ಒಂದೇ ವಿಭಾಗದಲ್ಲಿ ಒಬ್ಬರು ಸಿಸಿರೋವನ್ನು ಓದುತ್ತಾರೆ, ಪಕ್ಕದ ಕೋಣೆಯವರು ಪ್ರಶ್ನಾವಳಿ ಹಂಚುತ್ತಾರೆ. ಇಬ್ಬರಿಗೂ ಅಷ್ಟಕ್ಕಷ್ಟೆ ಎಂದು ಕೇಳಿದ್ದೇವೆ. ನಮ್ಮ ಒಲವು ಹಳೆಯವರ ಕಡೆಗೆ. ಹೊಸಬರಲ್ಲಿ ನಾವು ಮೆಚ್ಚಿದವನು, 1950ರಲ್ಲಿ ಗ್ರಂಥ ಬರೆದ ಕೆನೆತ್ ಬರ್ಕ್. ಯಾವ ಪದವಿಯನ್ನೂ ಮುಗಿಸದೆ ಕಾಲೇಜು ಬಿಟ್ಟವನು. ಮನವೊಲಿಸುವುದರ ಬೇರು ತಾದಾತ್ಮ್ಯದಲ್ಲಿದೆ, ಕೇಳುಗನ ನುಡಿ, ನಡೆ, ಭಾವನೆಗಳೊಡನೆ ನಿನ್ನವನ್ನು ಹೊಂದಿಸಿದಷ್ಟೇ ನಿನ್ನ ಮಾತು ಅವನಿಗೆ ಸಲ್ಲುತ್ತದೆ ಎಂಬುದು ಅವನ ಮತ.

ಈಗ ನಮ್ಮ ಸಾಕ್ಷ್ಯ. ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಶಾಲೆಯಲ್ಲಿ ಕನ್ನಡ ಅಧ್ಯಾಪಕರೊಬ್ಬರು ನಿವೃತ್ತರಾದರು. ಆ ಸ್ಥಾನ ತುಂಬದಿದ್ದರೆ ಕನ್ನಡ ವಿಭಾಗ ನಿಲ್ಲುವಂತಿತ್ತು. ನಾವು ಹದಿನಾಲ್ಕು ಪುಟದ ಮನವಿಯನ್ನು ಸಿದ್ಧಪಡಿಸಿದೆವು. ಕಾವೇರಿಯಿಂದ ಗೋದಾವರಿಯವರೆಗೆ ಹರಡಿದ್ದ ನಾಡನ್ನು ವರ್ಣಿಸುವ ಕವಿರಾಜಮಾರ್ಗದಿಂದ ಆರಂಭ. ಆಮೇಲೆ 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆ, 1967ರ ಮಹಾಜನ ವರದಿ, ನಮ್ಮ ಹಿರಿಯರ ಹೋರಾಟ. ಓದಿದ ನಮ್ಮವರ ಕಣ್ಣಲ್ಲಿ ನೀರು ಬಂತು. ಕಚೇರಿಯ ಅಧಿಕಾರಿಗಳು ಸಭ್ಯರು, ಕನ್ನಡ ಬಾರದವರು. ಪುಟಗಳನ್ನು ತಾಳ್ಮೆಯಿಂದ ಮಗುಚಿ, “ನಿಮಗೆ ಬೇಕಾದುದೇನು?” ಎಂದು ಮಲಯಾಳದಲ್ಲಿ ಕೇಳಿದರು. ಎಷ್ಟು ಮಕ್ಕಳಿದ್ದಾರೆ, ಹತ್ತಿರದ ಬೇರೆ ಕನ್ನಡ ಶಾಲೆಗೆ ಹೋಗುವ ದಾರಿ ಯಾವುದು, ಮಳೆಗಾಲದಲ್ಲಿ ಹೊಳೆ ದಾಟಲಾಗುತ್ತದೆಯೇ: ಹದಿನಾಲ್ಕು ಪುಟಗಳಲ್ಲಿ ಇವು ಒಂದೂ ಇರಲಿಲ್ಲ. ನಮಗೆ ಗೊತ್ತಿದ್ದುದರಿಂದ ಬರೆದಿರಲಿಲ್ಲ. ಆ ವರ್ಷ ಸ್ಥಾನ ಮಂಜೂರಾಗಲಿಲ್ಲ. ಕೆಲವು ಮಕ್ಕಳು ಬೇರೆ ಮಾಧ್ಯಮಕ್ಕೆ ಹೋದರು. ಅವರು ಮರಳಿ ಬರಲಿಲ್ಲ.

ಮರುವರ್ಷ ಒಂದೇ ಪುಟ. ಅದಕ್ಕೆ ಮೊದಲು ನಮ್ಮಲ್ಲಿ ದೊಡ್ಡ ಜಗಳವಾಯಿತು. ಮಲಯಾಳದಲ್ಲಿ ಬರೆಯೋಣ ಎಂದರು ಕೆಲವರು. ಹಿರಿಯರೊಬ್ಬರು ಕೆಂಡವಾದರು: ಸಂವಿಧಾನದ 350ನೆಯ ವಿಧಿಯ ಪ್ರಕಾರ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಅಹವಾಲು ಸಲ್ಲಿಸುವ ಹಕ್ಕು ನಮಗಿದೆ, ಅದನ್ನು ನಾವೇ ಬಿಟ್ಟುಕೊಟ್ಟರೆ ನಾಳೆ ಯಾವ ಬಾಯಿಂದ ಕೇಳುತ್ತೀರಿ? ಅವರ ಮಾತು ಸರಿಯೇ. ಎಡಿನ್‌ಬರೋದವರ ಕಥೆ ಆಗ ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅವರ ಪಕ್ಷ ಇನ್ನೂ ಗಟ್ಟಿಯಾಗುತ್ತಿತ್ತು. ಕೊನೆಗೆ ಹಾಳೆಯನ್ನು ಎರಡು ಅಂಕಣ ಮಾಡಿ ಎಡಕ್ಕೆ ಕನ್ನಡ, ಬಲಕ್ಕೆ ಮಲಯಾಳ ಬರೆದೆವು. ಪ್ರಾಥಮಿಕ ಹಂತದಲ್ಲಿ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣ ಸೌಲಭ್ಯ ಒದಗಿಸಬೇಕೆಂಬ 350ಎ ವಿಧಿಯು ಮೊದಲ ವಾಕ್ಯ. ಅದು ಅಧಿಕಾರಿಗಳ ಕರ್ತವ್ಯಕ್ಕೇ ಸೇರಿದ ಮಾತು. ಎರಡನೆಯ ವಾಕ್ಯದಲ್ಲಿ ಬೇಡಿಕೆ. ಕೆಳಗೆ ಮಕ್ಕಳ ಹೆಸರು, ಮನೆ, ದಾರಿ, ಹೊಳೆ. ಸ್ಥಾನ ಒಂದು ವರ್ಷದ ಮಟ್ಟಿಗೆ ತಾತ್ಕಾಲಿಕವಾಗಿ ಮಂಜೂರಾಯಿತು. ಅಂದಿನಿಂದ ಪ್ರತಿವರ್ಷವೂ ಆ ಒಂದು ಪುಟವನ್ನು ಹೊಸ ಹೆಸರುಗಳೊಡನೆ ಬರೆಯುತ್ತಿದ್ದೇವೆ.

ಹುಡುಗನು ಕೊನೆಗೂ ಹೋದನು. ಮೊನ್ನೆ ಅವನ ಪತ್ರ ಬಂತು. ಯಾವುದಾದರೂ ಒಂದು ಭಾಷಣವನ್ನಾಗಲಿ ಮನವಿಯನ್ನಾಗಲಿ ಆರಿಸಿಕೊಂಡು ಪ್ರಬಂಧ ಬರೆಯಬೇಕಾಗಿದೆಯಂತೆ. ಲಿಂಕನ್ನನ ಮೇಲೆ ಬರೆದವರು ಸಾವಿರಾರು ಮಂದಿ ಇದ್ದಾರೆ, ಸಂಘದ ಹದಿನಾಲ್ಕು ಪುಟದ ಮನವಿಯ ಪ್ರತಿ ಸಿಕ್ಕೀತೇ ಎಂದು ಕೇಳಿದ್ದಾನೆ. ಕಪಾಟಿನಲ್ಲಿ ಹುಡುಕಿದಾಗ ಅಂಚು ಗೆದ್ದಲು ತಿಂದ ಪ್ರತಿಯೊಂದು ಸಿಕ್ಕಿತು. ಎರಡನೆಯದರ ನಕಲನ್ನೂ ಜೊತೆಗಿಟ್ಟು ಅಂಚೆಗೆ ಹಾಕಿದ್ದೇವೆ.